ಕೊನೆಯ ಬ್ಯಾಚ್ ಆದ ಮೇಲೂ ಮುಗಿಯದ ಕೆಲಸ

ಔಷಧ ಕಾರ್ಖಾನೆಯನ್ನು ಒಂದೇ ದಿನದಲ್ಲಿ ಮುಚ್ಚಲು ಬರುವುದಿಲ್ಲ. ಮುಚ್ಚುತ್ತೇವೆ ಎಂದು ಆಡಳಿತದವರು ಹೇಳಿದ ದಿನದಿಂದ ಗೇಟಿಗೆ ಬೀಗ ಬೀಳುವವರೆಗೆ ನಮ್ಮಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕೆಲಸ ಹೋಗುವುದು ಖಾತ್ರಿಯಾದವರೇ ಅಷ್ಟೂ ಕಾಲ ಮಾತ್ರೆ ಮಾಡಿದರು, ಪರೀಕ್ಷಿಸಿದರು, ಸಹಿ ಹಾಕಿದರು. ತಮ್ಮ ಕೆಲಸ ಯಾವ ಊರಿನ ಯಾವ ಕಾರ್ಖಾನೆಗೆ ಹೋಗಲಿದೆಯೋ ಅಲ್ಲಿನವರಿಗೆ ಅದನ್ನು ಕಲಿಸಿಕೊಟ್ಟವರೂ ಅವರೇ. ನಾನು ಅಲ್ಲಿ ಕ್ವಾಲಿಟಿ ಅಶೂರೆನ್ಸ್ (ಕ್ಯೂಎ), ಅಂದರೆ ಔಷಧದ ಗುಣಮಟ್ಟಕ್ಕೆ ಖಾತ್ರಿ ಕೊಡುವ ವಿಭಾಗದಲ್ಲಿದ್ದೆ. ಶುರುವಿನಿಂದ ಕೊನೆಯವರೆಗೆ ಎಲ್ಲವನ್ನೂ ಹತ್ತಿರದಿಂದ ಕಂಡೆ. ಮುಚ್ಚುವಿಕೆಯ ಸುದ್ದಿ ಪತ್ರಿಕೆಯಲ್ಲಿ ಬರುವಾಗ ಎಷ್ಟು ಮಂದಿ ಕೆಲಸ ಕಳೆದುಕೊಂಡರು ಎಂಬ ಒಂದು ಸಂಖ್ಯೆ ಬರುತ್ತದೆ, ಅಷ್ಟೆ. ಆ ಸಂಖ್ಯೆಯೊಳಗಿದ್ದವರು ಆಮೇಲೆ ಏನೇನು ಮಾಡಿದರು, ಸಂಖ್ಯೆಗೇ ಬಾರದವರು ಯಾರು ಎಂಬುದು ಬರುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪಾಳಿ ಮುಗಿದು ಎರಡನೆಯದು ಶುರುವಾಗುವ ಹೊತ್ತಿಗೆ ಎಲ್ಲರನ್ನೂ ಕ್ಯಾಂಟೀನ್ ಹಾಲ್‌ಗೆ ಕರೆದಿದ್ದರು. ಎರಡೂ ಪಾಳಿಯವರನ್ನು ಒಟ್ಟಿಗೆ ಕರೆದಾಗಲೇ ಹಿರಿಯರಿಗೆ ಅನುಮಾನ ಬಂದಿತ್ತು. ಪರದೆಯ ಮೇಲೆ 'ಉತ್ಪಾದನಾ ಜಾಲದ ಪುನರ್‌ರಚನೆ' ಎಂದಿತ್ತು. ಮಾತು ಬೇಗ ಮುಗಿಯಿತು. ಪ್ರಶ್ನೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಸರ್, ಹೋದ ಆಡಿಟ್‌ನಲ್ಲಿ ನಮ್ಮಿಂದ ಏನಾದರೂ ತಪ್ಪಾಯಿತಾ?" ಎಂದು ಕೇಳಿದರು. ಇಲ್ಲ, ನಿಮ್ಮ ಕೆಲಸದಲ್ಲಿ ಏನೂ ದೋಷವಿಲ್ಲ ಎಂದು ಉತ್ತರ ಬಂತು. ಅದು ನಿಜವೂ ಆಗಿತ್ತು. ಆದರೆ ಆ ಉತ್ತರದಿಂದ ಯಾರಿಗೂ ಸಮಾಧಾನವಾಗಲಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಬಹುದಿತ್ತು.

ಈ ಉದ್ಯಮದಲ್ಲಿ ಕಾರ್ಖಾನೆ ಮುಚ್ಚಲು ಅಲ್ಲಿನ ಕೆಲಸ ಕೆಟ್ಟಿರಲೇಬೇಕೆಂದಿಲ್ಲ. ಪೇಟೆಂಟ್ ಮುಗಿದರೆ ಸಾಕು, ಅದೇ ಔಷಧವನ್ನು ಹತ್ತು ಕಂಪನಿಗಳು ಮಾಡತೊಡಗುತ್ತವೆ, ಬೆಲೆ ಬೀಳುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಕೊಲೆಸ್ಟರಾಲ್ ಮಾತ್ರೆ ಲಿಪಿಟರ್‌ಗೆ 2011ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಆದದ್ದು ಅದೇ. ಎರಡು ಕಂಪನಿಗಳು ಒಂದಾದರೂ ಅಷ್ಟೆ, ಒಂದೇ ಬಗೆಯ ಮಾತ್ರೆ ಮಾಡುವ ಎರಡೆರಡು ಕಾರ್ಖಾನೆ ಯಾಕೆ ಎಂಬ ಲೆಕ್ಕ ಮೇಲೇಳುತ್ತದೆ. ಫೈಜರ್ ಕಂಪನಿ 2009ರಲ್ಲಿ ವೈಯತ್ ಅನ್ನು ಕೊಂಡಿತು. ಮರುವರ್ಷ ಮೇ ತಿಂಗಳಲ್ಲಿ ಎಂಟು ಕಾರ್ಖಾನೆಗಳಲ್ಲಿ ಉತ್ಪಾದನೆ ನಿಲ್ಲಿಸುತ್ತೇವೆ, ಸುಮಾರು 6,000 ಹುದ್ದೆಗಳು ಹೋಗುತ್ತವೆ ಎಂದು ಪ್ರಕಟಿಸಿತು. ಹೀಗೆ ಹೋದವರಲ್ಲಿ ಬಹುಪಾಲು ಜನ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವರು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ತಮ್ಮನ್ನೇ ಹಳಿದುಕೊಂಡರು. ಅಂದು ಆ ಡೀವಿಯೇಷನ್ (ನಿಗದಿತ ಕ್ರಮ ತಪ್ಪುವುದು) ಆಗದಿದ್ದರೆ, ಇಂದು ಈ ಬ್ಯಾಚ್ ರಿಜೆಕ್ಟ್ ಆಗದಿದ್ದರೆ ಕಾರ್ಖಾನೆ ಉಳಿಯುತ್ತಿತ್ತೇನೋ ಎಂದು ಹಳೆಯದನ್ನೆಲ್ಲ ಕೆದಕುತ್ತಿದ್ದರು.

ಇಂಥ ಸಂದರ್ಭದಲ್ಲಿ ನೌಕರರು ಏನು ಕೇಳಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1982ರ 158ನೇ ಒಡಂಬಡಿಕೆಯಲ್ಲಿ ಒಂದು ಅಳತೆ ಸಿಗುತ್ತದೆ. ಆರ್ಥಿಕ ಕಾರಣಕ್ಕೆ ಜನರನ್ನು ತೆಗೆಯುವ ಮುನ್ನ ಕಾರಣವೇನು, ಯಾವ ಯಾವ ವರ್ಗದ ಎಷ್ಟು ಜನ ಹೋಗುತ್ತಾರೆ, ಎಷ್ಟು ಅವಧಿಯಲ್ಲಿ ಹೋಗುತ್ತಾರೆ ಎಂಬುದನ್ನು ನೌಕರರ ಪ್ರತಿನಿಧಿಗಳಿಗೆ ಸಾಕಷ್ಟು ಮೊದಲೇ ತಿಳಿಸಬೇಕು, ಕೆಲಸ ಉಳಿಸುವ ದಾರಿಗಳ ಬಗ್ಗೆ ಅವರೊಡನೆ ಮಾತಾಡಬೇಕು ಎನ್ನುತ್ತದೆ ಅದು. ಎಲ್ಲ ದೇಶಗಳೂ ಇದಕ್ಕೆ ಸಹಿ ಹಾಕಿಲ್ಲ. ಎಲ್ಲೆಲ್ಲಿ ಯಾವ ಕಾನೂನು ಇದೆಯೋ ಅದೇ ನಡೆಯುತ್ತದೆ. ಆದರೂ ಕೇಳಬೇಕಾದ ಮೂರು ಪ್ರಶ್ನೆಗಳು ಅದರಲ್ಲಿ ಸಿದ್ಧವಾಗಿವೆ. ನಮ್ಮಲ್ಲಿ ಮೊದಲನೆಯದಕ್ಕೆ ಉತ್ತರ ಬಂತು. ಎರಡು, ಮೂರನೆಯದಕ್ಕೆ ಕೇಳಿ ಕೇಳಿ ಪಡೆಯಬೇಕಾಯಿತು.

ಆಮೇಲೆ ಬಂದದ್ದು ಸ್ಟೇ ಬೋನಸ್‌ನ ಕಾಗದ. ಹೇಳಿದ ದಿನಾಂಕದವರೆಗೆ ಇದ್ದರೆ ಪರಿಹಾರದ ಜೊತೆಗೆ ಇಷ್ಟು ಹಣ, ಒಂದು ದಿನ ಮೊದಲು ಹೋದರೂ ಆ ಹಣ ಇಲ್ಲ. ಓದಲು ಧಾರಾಳವೆನಿಸುವ ಈ ಕಾಗದ ಎಷ್ಟು ಮನೆಗಳಲ್ಲಿ ನಿದ್ದೆ ಕೆಡಿಸಿತು! ಬೇರೆ ಕಡೆ ಕೆಲಸ ಸಿಕ್ಕರೆ ಅವರು ಈಗಲೇ ಬಾ ಎನ್ನುತ್ತಾರೆ, ನಿನ್ನ ಕಾರ್ಖಾನೆ ಮುಚ್ಚುವವರೆಗೆ ಕಾಯುತ್ತೇವೆ ಎಂದು ಯಾರೂ ಹೇಳುವುದಿಲ್ಲ. ಉಳಿದರೆ ಬೋನಸ್ ಕೈಗೆ ಬರುತ್ತದೆ, ಆದರೆ ಕೊನೆಯ ದಿನ ನೂರಾರು ಜನ ಒಟ್ಟಿಗೆ ಒಂದೇ ಬಗೆಯ ಬಯೋಡೇಟಾ ಹಿಡಿದು ಹೊರಬೀಳುತ್ತಾರೆ. ಕಡಿಮೆ ವಯಸ್ಸಿನವರು, ಲ್ಯಾಬ್‌ನವರು ಬೇಗ ಹೊರಟರು. ಔಷಧದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಗೊತ್ತಿರುವ ಅನಲಿಸ್ಟ್‌ಗೆ ಎಲ್ಲ ಕಡೆ ಬೇಡಿಕೆ ಇರುತ್ತದೆ. ಅವರು ಹೋದಂತೆ ಉಳಿದವರ ಮೇಲೆ ಕೆಲಸ ಹೇರಿಕೊಂಡಿತು. ರಜೆ ಸಿಗುವುದು ಕಷ್ಟವಾಯಿತು. ರಜೆ ಸಿಗದೆ ಇಂಟರ್‌ವ್ಯೂಗೆ ಹೋಗಲಾಗದವರೂ ಇದ್ದರು. ನನ್ನ ಅಭಿಪ್ರಾಯದಲ್ಲಿ ಇಂಥ ಒಪ್ಪಂದದಲ್ಲಿ ಇಂಟರ್‌ವ್ಯೂಗೆಂದೇ ಸಂಬಳ ಸಹಿತ ರಜೆ ಬರೆಸಿಕೊಳ್ಳಲೇಬೇಕು. ನಮ್ಮ ಕಡೆಯವರು ಹಣದ ಅಂಕಿಯ ಮೇಲೆಯೇ ಚೌಕಾಸಿ ಮಾಡುತ್ತ ಕೂತರು, ಈ ಒಂದು ಸಾಲು ಕಾಗದದಲ್ಲಿ ಸೇರಲೇ ಇಲ್ಲ.

ಈಗ ಟೆಕ್ ಟ್ರಾನ್ಸ್‌ಫರ್ ವಿಷಯ. ಒಂದು ಮಾತ್ರೆಯನ್ನು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಒಯ್ಯುವುದೆಂದರೆ ಯಂತ್ರವನ್ನು ಲಾರಿಗೆ ಹಾಕಿ ಕಳಿಸುವುದಲ್ಲ. ಅಲ್ಲಿನ ಯಂತ್ರದಲ್ಲಿ, ಅಲ್ಲಿನ ಗಾಳಿಯ ತೇವಾಂಶದಲ್ಲಿ, ಅಲ್ಲಿನವರ ಕೈಯಲ್ಲಿ ಅದೇ ಮಾತ್ರೆ ಮತ್ತೆ ಮತ್ತೆ ಅದೇ ಗುಣಮಟ್ಟದಲ್ಲಿ ಬರುತ್ತದೆ ಎಂದು ಬ್ಯಾಚ್ ಮೇಲೆ ಬ್ಯಾಚ್ ಮಾಡಿ ತೋರಿಸಬೇಕು. ಅದನ್ನೇ ವ್ಯಾಲಿಡೇಷನ್ ಎನ್ನುತ್ತೇವೆ. ನಮ್ಮ ಬ್ಯಾಚ್ ರೆಕಾರ್ಡ್ (ಬ್ಯಾಚ್ ಮಾಡುವ ಬಗೆಯ ದಾಖಲೆ), ಎಸ್‌ಒಪಿ (ಕೆಲಸದ ಕ್ರಮದ ಲಿಖಿತ ಸೂಚನೆ), ಪರೀಕ್ಷಾ ವಿಧಾನ ಎಲ್ಲವೂ ಅಲ್ಲಿಗೆ ಹೋದವು. ಮೊದಲ ಟ್ರಯಲ್ ಬ್ಯಾಚ್‌ಗಳಲ್ಲೇ ತೊಂದರೆ ಕಾಣಿಸಿತು. ಮಾತ್ರೆ ಎಷ್ಟು ಸುಲಭವಾಗಿ ಉದುರುತ್ತದೆ ಎಂದು ನೋಡುವ ಫ್ರಯಬಿಲಿಟಿ ಪರೀಕ್ಷೆಯಲ್ಲಿ ಮಾತ್ರೆಗಳನ್ನು ಡ್ರಮ್‌ಗೆ ಹಾಕಿ 100 ಸುತ್ತು ತಿರುಗಿಸುತ್ತಾರೆ. ಹೊರಗೆ ತೆಗೆದಾಗ ಹಲವು ಮಾತ್ರೆಗಳ ಮೇಲ್ಭಾಗ ಕಳಚಿಕೊಂಡಿತ್ತು. ಇದಕ್ಕೆ ಕ್ಯಾಪಿಂಗ್ ಎಂದು ಹೆಸರು.

ಅಲ್ಲಿನವರು ಪುಡಿಯನ್ನು ಒತ್ತಿ ಮಾತ್ರೆ ಮಾಡುವ ಕಂಪ್ರೆಷನ್ ಯಂತ್ರವನ್ನು ಹಿಡಿದುಕೊಂಡರು. ವೇಗ ಕಡಿಮೆ ಮಾಡಿ ನೋಡಿದರು, ಒತ್ತಡ ಬದಲಾಯಿಸಿದರು, ಒತ್ತುವ ಅಚ್ಚುಗಳಾದ ಪಂಚ್‌ಗಳನ್ನು ಬಿಚ್ಚಿ ಪರೀಕ್ಷಿಸಿದರು. ಕೊನೆಗೆ, ಪುಡಿಯನ್ನು ಕಲಸಿ ಕಾಳು ಮಾಡುವ ನಮ್ಮ ಗ್ರ್ಯಾನ್ಯುಲೇಷನ್ ವಿಭಾಗದ ಹಿರಿಯ ಆಪರೇಟರ್ ಅವರನ್ನು ವಿಡಿಯೊ ಕರೆಗೆ ಕೂರಿಸಿದರು. ನಾನೂ ಪಕ್ಕದಲ್ಲಿದ್ದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದಿಷ್ಟೆ: "ಕಂಪ್ರೆಷನ್ ಬಿಡಿ ಸರ್, ಹಸಿ ಮಾಸ್ ತೋರಿಸಿ."

ಒಣ ಪುಡಿಗೆ ಅದನ್ನು ಅಂಟಿಸುವ ಬೈಂಡರ್ ದ್ರಾವಣ ಹಾಕಿ ದೊಡ್ಡ ಮಿಕ್ಸರ್‌ನಲ್ಲಿ ಕಲಸುತ್ತೇವೆ, ಅದೇ ಹಸಿ ಮಾಸ್. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಬ್ಯಾಚ್ ರೆಕಾರ್ಡ್‌ನಲ್ಲಿ ಮೋಟರ್‌ನ ಆಂಪಿಯರ್ ಅಂಕಿ ಬರೆದಿರುತ್ತದೆ. ಕಲಸಿದ್ದು ಗಟ್ಟಿಯಾದಷ್ಟೂ ಮೋಟರ್ ಹೆಚ್ಚು ಎಳೆಯುತ್ತದೆ, ಅಂಕಿ ಏರುತ್ತದೆ. ಆದರೆ ಆ ಅಂಕಿ ನಮ್ಮ ಮಿಕ್ಸರ್‌ನದು. ಅವರ ಮಿಕ್ಸರ್ ದೊಡ್ಡದು, ಮೋಟರ್ ಬೇರೆ. ನಮ್ಮ ಅಂಕಿಗೆ ನಿಲ್ಲಿಸಿದಾಗ ಅವರಲ್ಲಿ ಪುಡಿ ಇನ್ನೂ ಸರಿಯಾಗಿ ಕೂಡಿಕೊಂಡೇ ಇರಲಿಲ್ಲ. ಒಣಗಿಸಿ ಜರಡಿ ಹಿಡಿದಾಗ ಕಾಳಿಗಿಂತ ಸಣ್ಣ ಪುಡಿಯೇ ಹೆಚ್ಚಾಗುತ್ತಿತ್ತು. ಆ ಪುಡಿಯ ನಡುವೆ ಸಿಕ್ಕಿಕೊಂಡ ಗಾಳಿ ಮಾತ್ರೆ ಒತ್ತಿದ ಮೇಲೆ ಹೊರಬರಲು ನೋಡುತ್ತದೆ, ಮೇಲ್ಭಾಗ ಕಳಚುತ್ತದೆ. ನಮ್ಮ ಆಪರೇಟರ್ ಇಷ್ಟು ವರ್ಷ ಅಂಕಿಯನ್ನು ನೋಡಿ ಬರೆದದ್ದು ಹೌದು. ಜೊತೆಗೆ ಗ್ಲೌಸ್ ಹಾಕಿದ ಕೈಯಲ್ಲಿ ಒಂದು ಹಿಡಿ ತೆಗೆದು ಅಮುಕಿ, ಹೆಬ್ಬೆರಳಿನಿಂದ ಒತ್ತಿ ಮುರಿದು ನೋಡುತ್ತಿದ್ದರು. ಉಂಡೆ ಹುಡಿಯಾಗಿ ಉದುರಬಾರದು, ಬೆರಳಿಗೆ ಅಂಟಿಕೊಳ್ಳಲೂ ಬಾರದು, ಎರಡು ತುಂಡಾಗಿ ಮುರಿಯಬೇಕು. ಆ ಪರೀಕ್ಷೆ ಯಾವ ಕಾಗದದಲ್ಲೂ ಇರಲಿಲ್ಲ.

ಔಷಧದ ಗುಣಮಟ್ಟದ ಬಗ್ಗೆ ಐಸಿಎಚ್ ಕ್ಯೂ10 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಲ್ಲಿ ಬಂತು. ಔಷಧ ಇರುವಷ್ಟು ಕಾಲವೂ ಅದರ ಬಗೆಗಿನ ಜ್ಞಾನವನ್ನು ಕಾಪಾಡಿಕೊಂಡು ಬರಬೇಕು ಎಂದು ಅದರಲ್ಲಿದೆ. ಆಡಿಟ್‌ಗಳಲ್ಲಿ ನಾವೂ ಆ ಮಾತನ್ನು ಬಹಳ ಸಲ ಹೇಳಿದ್ದೇವೆ. ಆ ಜ್ಞಾನ ಎಲ್ಲಿತ್ತೆಂದು ಅಂದು ಕಣ್ಣಾರೆ ಕಂಡೆ. ಕರೆ ಮುಗಿದ ಮೇಲೆ ಅವರನ್ನು ಕೇಳಿದೆ, "ಅಣ್ಣ, ಹೇಳಿಕೊಡಬೇಕಾ ಅಂತ ಅನ್ನಿಸಲಿಲ್ಲವಾ ನಿಮಗೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅನ್ನಿಸಿತು ಮೇಡಂ. ಆದರೆ ಆ ಮಾತ್ರೆ ನನ್ನ ಅಕ್ಕನೂ ತಗೊಳ್ತಾಳೆ" ಎಂದರು. ಈ ಮಾತನ್ನು ನಾನು ವರದಿಯಲ್ಲಿ ಹಾಕಲಾಗಲಿಲ್ಲ. ಆದರೆ ಟ್ರಾನ್ಸ್‌ಫರ್ ವರದಿಯಲ್ಲಿ ದೋಷದ ಕಾರಣವನ್ನು ಕಂಡುಹಿಡಿದವರು ಯಾರು ಎಂಬ ಕಡೆ ಅವರ ಹುದ್ದೆಯನ್ನೂ ಪಾತ್ರವನ್ನೂ ಬರೆಯಲೇಬೇಕೆಂದು ಪಟ್ಟು ಹಿಡಿದು ಬರೆಸಿದೆ. ಮುಂದೆ ಅದು ಅವರಿಗೆ ಉಪಯೋಗಕ್ಕೆ ಬಂತು.

ಉತ್ಪಾದನೆ ನಿಂತ ಮೇಲೆ ಹೊರಗಿನವರು, ಇನ್ನೇನಿದೆ ನಿಮಗೆ ಕೆಲಸ, ಎಂದು ಕೇಳುತ್ತಿದ್ದರು. ನಿಜವಾಗಿ ಕ್ಯೂಎಗೆ ಅತಿ ಹೆಚ್ಚು ಕೆಲಸ ಬಿದ್ದದ್ದು ಆಗಲೇ. ಕೊನೆಯ ಬ್ಯಾಚ್‌ಗೆ ಎರಡು ಮೂರು ವರ್ಷಗಳ ಎಕ್ಸ್‌ಪೈರಿ ಇರುತ್ತದೆ. ಅಷ್ಟೂ ಕಾಲ ಆ ಮಾತ್ರೆಗೆ ಉತ್ತರ ಹೇಳುವವರು ಯಾರಾದರೂ ಇರಬೇಕು. ಪ್ರತಿ ಬ್ಯಾಚ್‌ನ ಮಾದರಿಯನ್ನು, ದಾಖಲೆಯನ್ನು ಎಕ್ಸ್‌ಪೈರಿ ಮುಗಿದು ಕನಿಷ್ಠ ಒಂದು ವರ್ಷದವರೆಗೆ ಇಡಬೇಕೆಂಬುದು ಅಮೆರಿಕ, ಯುರೋಪ್ ಎರಡೂ ಕಡೆಯ ನಿಯಮ. ದಾಖಲೆಗಳನ್ನು ಯುರೋಪಿನಲ್ಲಿ ಇನ್ನೂ ಹೆಚ್ಚು ಕಾಲ ಇಡಬೇಕಾಗುತ್ತದೆ. ಕಾಲ ಕಳೆದಂತೆ ಔಷಧ ಕೆಡುತ್ತದೆಯೇ ಎಂದು ನೋಡಲು ಸ್ಟೆಬಿಲಿಟಿ ಚೇಂಬರ್‌ನಲ್ಲಿ 25 ಡಿಗ್ರಿ ಉಷ್ಣತೆ, ಶೇ 60 ತೇವಾಂಶದಲ್ಲಿ ಕೂತಿರುವ ಮಾತ್ರೆಗಳನ್ನು ಇಂತಿಷ್ಟು ತಿಂಗಳಿಗೊಮ್ಮೆ ತೆಗೆದು ಪರೀಕ್ಷಿಸುತ್ತಿರಬೇಕು. ಕಾರ್ಖಾನೆ ಮುಚ್ಚಿತೆಂದು ಅದು ನಿಲ್ಲುವಂತಿಲ್ಲ. ಚೇಂಬರ್‌ನಲ್ಲಿದ್ದ ಪ್ರತಿಯೊಂದು ಡಬ್ಬಿಯನ್ನೂ ಪಟ್ಟಿ ಮಾಡಿ, ದಾರಿಯಲ್ಲಿ ಉಷ್ಣತೆ ದಾಖಲಿಸುವ ಲಾಗರ್ ಇಟ್ಟು, ಬೇರೆ ಲ್ಯಾಬ್‌ಗೆ ಸಾಗಿಸಿ, ತಲುಪಿದ್ದನ್ನು ತಾಳೆ ನೋಡಿದೆವು.

ಇದನ್ನೆಲ್ಲ ಬಿಟ್ಟು ಎದ್ದು ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಏಕಾರ್ನ್ ಕಂಪನಿಯೇ ಉದಾಹರಣೆ. 2023ರ ಫೆಬ್ರುವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿ, ಎಲ್ಲ ನೌಕರರನ್ನೂ ಒಮ್ಮೆಗೇ ಮನೆಗೆ ಕಳಿಸಿ ಬಾಗಿಲು ಹಾಕಿತು. ಏಪ್ರಿಲ್‌ನಲ್ಲಿ, ಎಕ್ಸ್‌ಪೈರಿ ಇನ್ನೂ ಮುಗಿಯದ ಅದರ ಹತ್ತಾರು ಔಷಧಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಗುಣಮಟ್ಟ ವಿಭಾಗವೇ ಇಲ್ಲವಾದ್ದರಿಂದ ಆ ಔಷಧಗಳು ಸರಿಯಾಗಿವೆ ಎಂದು ಖಾತ್ರಿ ಕೊಡುವವರು ಯಾರೂ ಉಳಿದಿರಲಿಲ್ಲ. ಅಷ್ಟೇ ಅಲ್ಲ, ಉಬ್ಬಸದ ಮಕ್ಕಳಿಗೆ ಆಸ್ಪತ್ರೆಗಳಲ್ಲಿ ಕೊಡುವ ಆಲ್ಬ್ಯುಟೆರಾಲ್ ದ್ರಾವಣದ ಕೊರತೆಯೂ ಆಗ ಹೆಚ್ಚಿತು. ನಮ್ಮ ಡಾಕ್ಯುಮೆಂಟ್ ರೂಮ್‌ನಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆಗಳಿಗೆ ನಂಬರ್ ಹಚ್ಚುತ್ತಿದ್ದ ಹುಡುಗರಿಗೆ ಈ ಸಂಗತಿ ಹೇಳುತ್ತಿದ್ದೆ. ಮುಚ್ಚುತ್ತಿರುವ ಕಾರ್ಖಾನೆಯಲ್ಲಿ ಕಾಗದ ಜೋಡಿಸುವುದು ದಂಡದ ಕೆಲಸ ಎಂದು ಯಾರಿಗೂ ಅನ್ನಿಸಬಾರದಿತ್ತು.

ಒತ್ತಡವೂ ಇತ್ತು. ತೆರೆದಿದ್ದ ಡೀವಿಯೇಷನ್‌ಗಳನ್ನು, ಕಾಪಾಗಳನ್ನು (ದೋಷ ತಿದ್ದಿ, ಮರುಕಳಿಸದಂತೆ ತಡೆಯುವ ಕ್ರಮಗಳನ್ನು) ಒಂದು ದಿನಾಂಕದೊಳಗೆ ಮುಗಿಸಿ ಎಂದು ಮೇಲಿನಿಂದ ಹೇಳಿದರು. ಲಾಗ್ ಬುಕ್‌ನಲ್ಲಿ ಬಿಟ್ಟುಹೋದ ಸಹಿ ಸಿಕ್ಕಾಗ, "ಈಗ ಹಾಕಿಬಿಡಿ, ಹಳೆಯ ದಿನಾಂಕ ಬರೆಯಿರಿ, ಇನ್ನು ಯಾರು ಬಂದು ನೋಡುತ್ತಾರೆ" ಎಂಬ ಸಲಹೆಯೂ ಬಂತು. ಸಹಿ ಬಿಟ್ಟವರು ಕೆಲಸ ಬಿಟ್ಟು ಹೋಗಿ ತಿಂಗಳುಗಳಾಗಿದ್ದವು. ನಮ್ಮ ತಂಡದವರು ಒಬ್ಬರೂ ಒಪ್ಪಲಿಲ್ಲ. ಏನು ಬಿಟ್ಟುಹೋಗಿದೆ, ಯಾವಾಗ ಗೊತ್ತಾಯಿತು, ಬ್ಯಾಚ್ ಮೇಲೆ ಪರಿಣಾಮವೇನು ಎಂದು ಅಂದಿನ ದಿನಾಂಕದಲ್ಲೇ ಟಿಪ್ಪಣಿ ಬರೆದು ಸಹಿ ಹಾಕಿದೆವು. ಆ ಸಹಿಗಳೇ ಮುಂದಿನ ಕೆಲಸಕ್ಕೆ ನಮ್ಮ ಆಧಾರ. ಈ ಉದ್ಯಮದಲ್ಲಿ ಹೆಸರು ಒಮ್ಮೆ ಕೆಟ್ಟರೆ ಯಾವ ಕಾರ್ಖಾನೆಯ ಗೇಟೂ ತೆರೆಯುವುದಿಲ್ಲ.

ಯಂತ್ರಗಳ ಕೆಲಸ ಬೇಗ ಆಯಿತು. ತೊಳೆದು, ಸ್ವಾಬ್ ತೆಗೆದು, ಔಷಧದ ಅಂಶ ಉಳಿದಿಲ್ಲವೆಂದು ಲ್ಯಾಬ್ ಹೇಳಿದ ಮೇಲೆ ಲೇಬಲ್ ಹಚ್ಚಿದೆವು. ಕೆಲವು ಬೇರೆ ಕಾರ್ಖಾನೆಗೆ ಹೋದವು, ಕೆಲವು ಹರಾಜಾದವು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಆದರೆ ಯಂತ್ರಕ್ಕೆ ಇದ್ದಷ್ಟು ಕಾಗದ ಮನುಷ್ಯರಿಗೆ ಇರಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿತು. ಪ್ರತಿ ಯಂತ್ರಕ್ಕೂ ಅದನ್ನು ತಂದಿಟ್ಟ ದಿನದಿಂದ ಇಂದಿನವರೆಗಿನ ಚರಿತ್ರೆ ಫೈಲಿನಲ್ಲಿತ್ತು. ಇಪ್ಪತ್ತು ವರ್ಷ ಗ್ರ್ಯಾನ್ಯುಲೇಷನ್ ಮಾಡಿದವರಿಗೆ ಎಚ್‌ಆರ್ ಕೊಟ್ಟ ಅನುಭವ ಪತ್ರದಲ್ಲಿ ಇದ್ದದ್ದು ಸೇರಿದ ದಿನಾಂಕ, ಬಿಟ್ಟ ದಿನಾಂಕ, ಹುದ್ದೆ 'ಆಪರೇಟರ್', ಅಷ್ಟೆ. ಅದನ್ನು ಹಿಡಿದು ಇಂಟರ್‌ವ್ಯೂಗೆ ಹೋದರೆ ಮೊದಲ ಪ್ರಶ್ನೆಯೇ, "ಡಿಪ್ಲೊಮಾ ಇದೆಯಾ?" ಇಂಜೆಕ್ಷನ್ ಕಾರ್ಖಾನೆಗೆ ಹೋದರೆ, "ಮಾತ್ರೆ ಮಾಡಿದವರಿಗೆ ಸ್ಟೆರೈಲ್ ಗೊತ್ತಿರುವುದಿಲ್ಲ" ಎಂದು ವಾಪಸ್ ಕಳಿಸುತ್ತಿದ್ದರು. ಸೂಕ್ಷ್ಮಜೀವಿ ಸೇರದಂತೆ ಮಾಡುವ ಅಸೆಪ್ಟಿಕ್ ಕೆಲಸ ಬೇರೆಯೇ ವಿದ್ಯೆ ಎಂಬುದು ನಿಜ. ಆದರೆ ಗೌನಿಂಗ್ (ರಕ್ಷಣಾ ಉಡುಪು ತೊಡುವ) ಶಿಸ್ತು, ಲೈನ್ ಕ್ಲಿಯರೆನ್ಸ್ (ಹಿಂದಿನ ಬ್ಯಾಚ್‌ನದೇನೂ ಉಳಿದಿಲ್ಲವೆಂದು ನೋಡುವುದು), ಮಾಡಿದ್ದನ್ನು ಮಾಡಿದ ಹೊತ್ತಿಗೇ ಬರೆಯುವ ಅಭ್ಯಾಸ ಇವೆಲ್ಲ ಇರುವವರನ್ನು ತಯಾರು ಮಾಡುವುದಕ್ಕೆ ಹೊಸಬರಿಗಿಂತ ಎಷ್ಟು ಕಡಿಮೆ ಕಾಲ ಸಾಕು!

ಎಚ್‌ಆರ್ ಮೇಡಂ ಹತ್ತಿರ ಕೂತು ಒಂದು ನಮೂನೆ ಮಾಡಿದೆವು. ಕಂಪನಿಯ ಎಸ್‌ಒಪಿಯನ್ನೋ ಬ್ಯಾಚ್ ರೆಕಾರ್ಡನ್ನೋ ಯಾರೂ ಹೊರಗೆ ಒಯ್ಯುವಂತಿಲ್ಲ, ಅದು ಸರಿಯಾದದ್ದೇ. ಆದರೆ ಯಾವ ಬಗೆಯ ಯಂತ್ರಗಳನ್ನು ಎಷ್ಟು ವರ್ಷ ನಡೆಸಿದ್ದಾರೆ, ಯಾವ ತರಬೇತಿಗಳಲ್ಲಿ ತೇರ್ಗಡೆಯಾಗಿದ್ದಾರೆ, ಎಷ್ಟು ಮಂದಿ ಹೊಸಬರಿಗೆ ಕಲಿಸಿದ್ದಾರೆ, ಯಾವ ದೇಶಗಳ ಔಷಧ ನಿಯಂತ್ರಕರ ತಪಾಸಣೆಯಲ್ಲಿ ಉತ್ತರ ಕೊಟ್ಟಿದ್ದಾರೆ, ಟೆಕ್ ಟ್ರಾನ್ಸ್‌ಫರ್‌ನಲ್ಲಿ ಏನು ಮಾಡಿದರು ಎಂಬುದನ್ನು ಕಂಪನಿಯ ಲೆಟರ್‌ಹೆಡ್ ಮೇಲೆ ಬರೆದುಕೊಡಲು ಯಾವ ಅಡ್ಡಿಯೂ ಇಲ್ಲ. ತರಬೇತಿ ದಾಖಲೆ ಡಾಕ್ಯುಮೆಂಟ್ ರೂಮ್‌ನಲ್ಲಿ ಇರುವಾಗಲೇ ಇದನ್ನು ಮಾಡಿಸಿಕೊಳ್ಳಬೇಕು. ಪೆಟ್ಟಿಗೆ ಕಟ್ಟಿ ಗೋದಾಮಿಗೆ ಹೋದ ಮೇಲೆ ಯಾರೂ ಹುಡುಕಿ ಕೊಡುವುದಿಲ್ಲ. ವೈದ್ಯಕೀಯ ತಪಾಸಣೆಯ ಪ್ರತಿಗಳನ್ನೂ ಹಾಗೆಯೇ. ಕಂಪ್ರೆಷನ್ ಕೋಣೆಯ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿಯ ಪರೀಕ್ಷೆ, ಪುಡಿ ತೂಗುವ ಡಿಸ್ಪೆನ್ಸಿಂಗ್‌ನವರ ಶ್ವಾಸಕೋಶದ ಪರೀಕ್ಷೆಯ ವರದಿಗಳು ಆ ಮನುಷ್ಯರ ಕೈಯಲ್ಲೇ ಇರಬೇಕು. ಹತ್ತು ವರ್ಷ ಆದ ಮೇಲೆ ಏನಾದರೂ ತೊಂದರೆ ಕಾಣಿಸಿಕೊಂಡರೆ ಮುಚ್ಚಿದ ಕಾರ್ಖಾನೆಯ ಬಾಗಿಲು ತಟ್ಟಲು ಆಗುವುದಿಲ್ಲ.

ಗ್ರ್ಯಾನ್ಯುಲೇಷನ್‌ನ ಆ ಹಿರಿಯರಿಗೆ ಈ ಪತ್ರದಿಂದಲೇ ಕೆಲಸ ಸಿಕ್ಕಿತು, ಹೊಸ ಆಪರೇಟರ್‌ಗಳಿಗೆ ಕಲಿಸುವ ಕೆಲಸ. ಸಂಬಳ ಮೊದಲಿಗಿಂತ ಕಡಿಮೆ, ಮನೆಯಿಂದ ದೂರ. ಹಾಗಿದ್ದರೂ ಅವರು ಹೋದರು.

ನನ್ನ ಮನಸ್ಸಿಗೆ ಇಂದಿಗೂ ಸಮಾಧಾನವಾಗದಿರುವುದು ಪ್ಯಾಕಿಂಗ್‌ನ ಹೆಣ್ಣುಮಕ್ಕಳ ವಿಷಯ. ಅವರು ಗುತ್ತಿಗೆದಾರರ ಕಡೆಯಿಂದ ಬರುತ್ತಿದ್ದವರು. ಮಾತ್ರೆಗಳನ್ನು ಪಟ್ಟಿಗಳ ಗುಳಿಗಳಲ್ಲಿ ತುಂಬುವ ಬ್ಲಿಸ್ಟರ್ ಲೈನ್‌ನ ಕೊನೆಯಲ್ಲಿ ನಿಂತು, ಓಡುವ ಬೆಲ್ಟ್ ಮೇಲೆ ಮಾತ್ರೆ ಇಲ್ಲದ ಗುಳಿಯನ್ನು, ಮಾಸಿದ ಬ್ಯಾಚ್ ನಂಬರನ್ನು ಕಣ್ಣಿನಿಂದಲೇ ಹಿಡಿಯುತ್ತಿದ್ದವರು. ಕ್ಯಾಮೆರಾ ಬಿಟ್ಟದ್ದನ್ನು ಅವರು ಹಿಡಿದ ಪ್ರಸಂಗಗಳು ನನ್ನ ಡೀವಿಯೇಷನ್ ಫೈಲ್‌ನಲ್ಲೇ ಇದ್ದವು. ಮುಚ್ಚುವಿಕೆಯ ಪ್ರಕಟಣೆಯಲ್ಲಿದ್ದ ಸಂಖ್ಯೆ ಖಾಯಂ ನೌಕರರದು ಮಾತ್ರ. ಇವರು ಅದರಲ್ಲಿ ಇರಲಿಲ್ಲ, ಪರಿಹಾರದ ಪಟ್ಟಿಯಲ್ಲೂ ಇರಲಿಲ್ಲ. ಒಂದು ಸಂಜೆ ಗುತ್ತಿಗೆದಾರರ ಸೂಪರ್‌ವೈಸರ್ ಬಂದು, ನಾಳೆಯಿಂದ ಈ ಲೈನ್ ಇಲ್ಲ ಎಂದರು, ಅಷ್ಟರಲ್ಲೇ ಮುಗಿಯಿತು. ಒಬ್ಬರು ಲಾಕರ್ ಕೀ ಕೊಡಲು ನನ್ನ ಹತ್ತಿರ ಬಂದು, "ಮೇಡಂ, ನಮಗೂ ಏನಾದರೂ ಬರೆದುಕೊಡ್ತಾರಾ?" ಎಂದು ಕೇಳಿದರು.

ಅವರ ತರಬೇತಿ ದಾಖಲೆ ನಮ್ಮಲ್ಲಿತ್ತು. ಔಷಧ ತಯಾರಿಕೆಯ ಗುಣಮಟ್ಟದ ಜಿಎಂಪಿ ನಿಯಮದಂತೆ ಗುತ್ತಿಗೆಯವರೂ ತರಬೇತಿ ಇಲ್ಲದೆ ಲೈನ್‌ಗೆ ಹೋಗುವಂತಿಲ್ಲ. ಅದನ್ನೇ ಆಧಾರ ಮಾಡಿಕೊಂಡು ಅವರಿಗೂ ಪತ್ರ ಬೇಕೆಂದು ಕೇಳಿದೆವು. ಅವರು ನಮ್ಮ ನೌಕರರಲ್ಲ ಎಂಬ ಉತ್ತರ ಬಂತು. ನಮ್ಮ ಬ್ಯಾಚ್ ರೆಕಾರ್ಡ್‌ಗಳಲ್ಲಿ ಇವರ ಸಹಿಗಳಿವೆ, ಆ ಸಹಿಗಳನ್ನು ನಂಬಿ ನಾವು ಬ್ಯಾಚ್ ಬಿಡುಗಡೆ ಮಾಡಿದ್ದೇವೆ, ಈಗ ಅವರು ಯಾರೋ ಎನ್ನಲು ಬರುವುದಿಲ್ಲ ಎಂದು ಲಿಖಿತವಾಗಿ ಬರೆದೆವು. ಬಹಳ ಓಡಾಟದ ಮೇಲೆ ತರಬೇತಿ ಪಡೆದ ಬಗ್ಗೆ ಒಂದು ಪುಟದ ಪ್ರಮಾಣಪತ್ರ ಕೊಡಲು ಒಪ್ಪಿದರು. ಅದನ್ನು ತೋರಿಸಿ ಕೆಲವರು ಬೇರೆ ಪ್ಯಾಕಿಂಗ್ ಘಟಕಗಳಿಗೆ ಸೇರಿದರು. ಪರಿಹಾರ ಮಾತ್ರ ಸಿಗಲಿಲ್ಲ. ಕೊನೆಯ ತಿಂಗಳ ಓವರ್‌ಟೈಮ್ ಹಣಕ್ಕೆ ಅವರು ಒಟ್ಟಾಗಿ ಹಾಕಿದ ಅರ್ಜಿ ಗುತ್ತಿಗೆದಾರರ ಕಡೆಯಿಂದ ಕಂಪನಿಗೆ, ಕಂಪನಿಯಿಂದ ಗುತ್ತಿಗೆದಾರರ ಕಡೆಗೆ ಓಡಾಡುತ್ತಲೇ ಇದೆ. ಅವರ ಹಾಜರಾತಿಯ ಸಾಕ್ಷಿಗೆ ಪ್ಯಾಕಿಂಗ್ ಲೈನ್‌ನ ಲಾಗ್ ಬುಕ್ ಸಾಕು, ಅದು ಯಾವ ಪೆಟ್ಟಿಗೆಯಲ್ಲಿದೆ ಎಂಬುದು ನಮ್ಮ ಆರ್ಕೈವ್ ಪಟ್ಟಿಯಲ್ಲಿದೆ. ಆ ಪಟ್ಟಿಯ ನಂಬರ್ ಹಾಕಿ, ದಾಖಲೆ ತರಿಸಿ ನೋಡಿ ಎಂದು ಅರ್ಜಿಗೆ ಹೊಸದಾಗಿ ಒಂದು ಪುಟ ಸೇರಿಸಿ ಕೊಟ್ಟಿದ್ದೇವೆ.